ಪೀಪಾಯಿಯ ಬಳಿಗೆ ನಡೆದವರು

ಕೆಲವು ಪದಾರ್ಥಗಳು ನಾವಿದ್ದಲ್ಲಿಗೇ ಬರುತ್ತವೆ. ಡಬ್ಬಿಯಲ್ಲಿ, ಸೀಸೆಯಲ್ಲಿ, ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕುಳಿತು ಸಾವಿರಾರು ಮೈಲಿ ದಾಟಿ ನಮ್ಮೂರ ಅಂಗಡಿಯ ಕಪಾಟು ಸೇರುತ್ತವೆ. ಇನ್ನು ಕೆಲವುಗಳ ಸ್ವಭಾವ ಬೇರೆ. ನಸುಕಿನಲ್ಲಿ ಮರದಿಂದ ಇಳಿಸಿದ ನೀರಾ ಹೊತ್ತೇರುವಷ್ಟರಲ್ಲಿ ಹುಳಿಯತೊಡಗುತ್ತದೆ. ಅದರ ರುಚಿ ಬೇಕೆನ್ನುವವರು ಮರದ ಬುಡಕ್ಕೇ ಹೋಗಬೇಕು. ಇಂಗ್ಲೆಂಡಿನ ಹಳ್ಳಿ ಪಬ್ಬುಗಳಲ್ಲಿ ಸಿಗುವ ‘ರಿಯಲ್ ಏಲ್’ ಎಂಬ ಬಿಯರ್ ಈ ಎರಡನೆಯ ಜಾತಿಗೆ ಸೇರಿದ್ದು.

ಈ ಕಾರಣಕ್ಕಾಗಿಯೇ ಆ ದೇಶದಲ್ಲಿ ಒಂದು ವಿಶಿಷ್ಟ ರೂಢಿ ಬೆಳೆದುಬಂದಿದೆ. ಶನಿವಾರ ಬೆಳಿಗ್ಗೆ ಯಾವುದಾದರೂ ಪಟ್ಟಣದ ರೈಲು ನಿಲ್ದಾಣದ ಮುಂದೆ ಹದಿನೈದಿಪ್ಪತ್ತು ಜನ ಸೇರುತ್ತಾರೆ. ಅವರಲ್ಲಿ ನಿವೃತ್ತ ಮೇಷ್ಟರಿರುತ್ತಾರೆ, ಬ್ಯಾಂಕ್ ಗುಮಾಸ್ತರಿರುತ್ತಾರೆ, ಕಾರ್ಖಾನೆ ನೌಕರರಿರುತ್ತಾರೆ. ಎಲ್ಲರೂ ಸೇರಿ ಬಾಡಿಗೆಗೆ ಹಿಡಿದ ಮಿನಿಬಸ್ಸು ಹಳ್ಳಿಯಿಂದ ಹಳ್ಳಿಗೆ ಸುತ್ತುತ್ತದೆ. ನಾಲ್ಕೈದು ಪಬ್ಬುಗಳಲ್ಲಿ ಇಳಿದು, ಅರ್ಧರ್ಧ ಪೈಂಟ್ ಬಿಯರ್ ಸವಿದು, ಊಟ ಮುಗಿಸಿ, ಸಂಜೆ ಮನೆ ಸೇರುತ್ತಾರೆ. ನೋಡುವವರ ಕಣ್ಣಿಗೆ ಇದು ಕುಡಿಯುವವರ ಪಿಕ್‌ನಿಕ್ ಅಷ್ಟೆ. ಆದರೆ ಇದರ ಹಿಂದೆ ಅರ್ಧ ಶತಮಾನದ ಒಂದು ಚಳವಳಿಯಿದೆ. ದೊಡ್ಡ ಕಂಪನಿಗಳು ಕೈಬಿಡಲು ಹೊರಟಿದ್ದ ಒಂದು ಪಾನೀಯವನ್ನೂ, ಅದರ ಜೊತೆಗೆ ಹಳ್ಳಿಯವರು ಕೂಡುವ ಜಾಗವನ್ನೂ ಸಾಮಾನ್ಯ ಗಿರಾಕಿಗಳು ತಮ್ಮ ಕಾಲ ಮೇಲೆ ನಡೆದುಹೋಗಿ ಉಳಿಸಿಕೊಳ್ಳಲು ಯತ್ನಿಸಿದ ಕಥೆ ಅದು.

ಮದ್ಯಪಾನ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಈ ಲೇಖನದ ವಸ್ತುವಲ್ಲ. ಮಾರುಕಟ್ಟೆಯಲ್ಲಿ ಗಿರಾಕಿಗೆ ದನಿಯಿದೆಯೇ, ಇದ್ದರೆ ಅದು ಎಲ್ಲಿಯವರೆಗೆ ಕೇಳಿಸುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಜೀವವಿರುವ ಬಿಯರ್

ಬಿಯರ್ ತಯಾರಿಕೆಗೆ ಮುಖ್ಯವಾಗಿ ಬೇಕಾದ ಪದಾರ್ಥಗಳು ನಾಲ್ಕು: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂ, ಯೀಸ್ಟ್ ಮತ್ತು ನೀರು. ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದರಲ್ಲಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ರಸಕ್ಕೆ ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಹೊರಬಿಡುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ಪಾತ್ರೆಯ ಅಂಚು ಮುಟ್ಟುವುದನ್ನು ಕಂಡವರಿಗೆ ಹುದುಗುವಿಕೆಯ ಈ ಕ್ರಿಯೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಇಲ್ಲಿಯವರೆಗೆ ಎಲ್ಲ ಬಿಯರ್‌ಗಳ ದಾರಿ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಶುರುವಾಗುವುದು ನಂತರ. ಕಾರ್ಖಾನೆಯ ‘ಕೆಗ್’ ಬಿಯರನ್ನು ಸೋಸಿ, ಬಹುಮಟ್ಟಿಗೆ ಪಾಶ್ಚರೀಕರಿಸಿ, ಲೋಹದ ಪಾತ್ರೆಯಲ್ಲಿ ತುಂಬಿ, ಹೊರಗಿನಿಂದ ಅನಿಲದ ಒತ್ತಡ ಕೊಡುತ್ತಾರೆ. ಅದರೊಳಗಿನ ಯೀಸ್ಟ್ ಸತ್ತಿರುತ್ತದೆ. ಹಾಗಾಗಿ ಅದು ವಾರಗಟ್ಟಲೆ ಕೆಡದೆ ಉಳಿಯುತ್ತದೆ. ರಿಯಲ್ ಏಲ್ ಹಾಗಲ್ಲ. ಅದು ಜೀವಂತ ಯೀಸ್ಟಿನೊಂದಿಗೇ ಪೀಪಾಯಿ ಸೇರುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ, ಸುಮಾರು 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಎರಡನೇ ಬಾರಿ ಹುದುಗಿ ಹದಕ್ಕೆ ಬರುತ್ತದೆ. ‘ಇಂಗ್ಲಿಷರು ಬಿಸಿ ಬಿಯರ್ ಕುಡಿಯುತ್ತಾರೆ’ ಎಂಬ ತಮಾಷೆಗೆ ಈ ತಾಪಮಾನವೇ ಮೂಲ. ಅದು ಬಿಸಿಯಲ್ಲ, ಮಣ್ಣಿನ ಮಡಕೆಯ ನೀರಿನಷ್ಟು ತಂಪು.

ಪಬ್ ನಡೆಸುವವರ ಕೈಚಳಕ ಬೇಕಾಗುವುದು ಈ ಘಟ್ಟದಲ್ಲಿ. ಪೀಪಾಯಿಯ ಮೇಲಿನ ರಂಧ್ರಕ್ಕೆ ಮರದ ಬೆಣೆ ಬಡಿದು ಹೆಚ್ಚಿನ ಅನಿಲವನ್ನು ಬಿಡಬೇಕು. ಗಸಿ ತಳಕ್ಕೆ ಇಳಿಯುವವರೆಗೆ ಕಾಯಬೇಕು. ಗಸಿ ಬೇಗ ಇಳಿಯಲೆಂದು ಮೀನಿನ ಗಾಳಿಚೀಲದಿಂದ ತಯಾರಿಸಿದ ಒಂದು ಬಗೆಯ ಅಂಟನ್ನು ಬೆರೆಸುವುದು ಹಳೆಯ ಪದ್ಧತಿ. ಈಚೆಗೆ ಸಸ್ಯಾಹಾರಿಗಳ ಸಲುವಾಗಿ ಅದನ್ನು ಬಿಟ್ಟವರೂ ಇದ್ದಾರೆ. ತಿಳಿಯಾದ ಬಿಯರನ್ನು ನೆಲಮಾಳಿಗೆಯಿಂದ ಮೇಲಕ್ಕೆ ತರಲು ಅನಿಲದ ಸಹಾಯ ಬೇಡ, ಕೈಪಂಪು ಸಾಕು. ಇಂಥ ಪಂಪಿಗೆ 1797ರಲ್ಲಿ ಪೇಟೆಂಟ್ ಪಡೆದವರಲ್ಲಿ ಬೀಗಗಳಿಗೆ ಹೆಸರಾದ ಸಂಶೋಧಕ ಜೋಸೆಫ್ ಬ್ರಾಮಾ ಒಬ್ಬರು.

ಪೀಪಾಯಿಯನ್ನು ಒಮ್ಮೆ ತೆರೆದ ಮೇಲೆ ಗಾಳಿ ಒಳಹೊಕ್ಕು ಬಿಯರ್ ಸಪ್ಪೆಯಾಗುತ್ತದೆ, ಆಮೇಲೆ ಹುಳಿಯಾಗುತ್ತದೆ. ಹೆಚ್ಚೆಂದರೆ ಮೂರು ದಿನ ಒಳ್ಳೆಯ ರುಚಿ. ಪಬ್ಬುಗಳು ಸಾಮಾನ್ಯವಾಗಿ ಬಳಸುವ ‘ಫರ್ಕಿನ್’ ಎಂಬ ಪೀಪಾಯಿ 9 ಗ್ಯಾಲನ್ ಹಿಡಿಯುತ್ತದೆ, ಅಂದರೆ 72 ಪೈಂಟ್. ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ತಳದ ಗಸಿ ಬಿಟ್ಟರೂ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಪೈಂಟ್ ಖರ್ಚಾಗಬೇಕು. ನೂರಿನ್ನೂರು ಜನರಿರುವ ಹಳ್ಳಿಯಲ್ಲಿ, ಮಳೆ ಸುರಿಯುವ ಮಂಗಳವಾರ ಸಂಜೆ ಇಷ್ಟು ಗಿರಾಕಿಗಳು ಎಲ್ಲಿಂದ ಬರಬೇಕು? ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ಇದೆ.

ಊರಿನ ಜಗಲಿ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಏಲ್ ತಯಾರಿಸುವುದು ಅಡುಗೆಯಷ್ಟೇ ಸಾಮಾನ್ಯವಾದ ಮನೆಗೆಲಸವಾಗಿತ್ತು. ಅದನ್ನು ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಮನೆಯ ಖರ್ಚಿಗಾಗಿ ಉಳಿದದ್ದನ್ನು ಮಾರಲು ಬಾಗಿಲ ಮುಂದೆ ಒಂದು ಕೋಲು ನೆಡುತ್ತಿದ್ದರು. ಅದು ಕಂಡರೆ ಏಲ್ ಸಿದ್ಧವಿದೆ ಎಂದರ್ಥ. ಆಗಿನ ಏಲ್‌ನಲ್ಲಿ ಹಾಪ್ಸ್ ಇರಲಿಲ್ಲ. ಹಾಪ್ಸ್ ಹಾಕಿದ ಪಾನೀಯ ಸಮುದ್ರದಾಚೆಯ ನೆದರ್ಲೆಂಡ್ಸ್, ಫ್ಲಾಂಡರ್ಸ್ ಕಡೆಯಿಂದ ಬಂದು 15ನೇ ಶತಮಾನದಲ್ಲಿ ಬೇರೂರಿತು. ಅದನ್ನು ‘ಬಿಯರ್’ ಎಂದು ಬೇರೆಯಾಗಿಯೇ ಗುರುತಿಸುತ್ತಿದ್ದರು. ಹಾಪ್ಸಿನ ಕಹಿ ಬಿಯರನ್ನು ಬೇಗ ಕೆಡದಂತೆ ಕಾಯುತ್ತದೆ. ಕಾಲಕ್ರಮೇಣ ಏಲ್‌ಗೂ ಹಾಪ್ಸ್ ಸೇರಿ ಎರಡರ ನಡುವಿನ ಗೆರೆ ಅಳಿಸಿಹೋಯಿತು.

ಹಳ್ಳಿ ಪಬ್ಬುಗಳ ಸಂಖ್ಯೆಗೆ ದೊಡ್ಡ ತಿರುವು ಕೊಟ್ಟದ್ದು 1830ರ ಬಿಯರ್‌ಹೌಸ್ ಕಾಯ್ದೆ. ಜಿನ್‌ನಂಥ ಕಟುಮದ್ಯದಿಂದ ಜನರನ್ನು ಬಿಯರ್‌ನತ್ತ ತಿರುಗಿಸುವುದು, ಪರವಾನಗಿಯ ಏಕಸ್ವಾಮ್ಯ ಮುರಿಯುವುದು ಅದರ ಉದ್ದೇಶಗಳಾಗಿದ್ದವು. ತೆರಿಗೆ ಕಟ್ಟುವ ಯಾವ ಗೃಹಸ್ಥನಾದರೂ 2 ಗಿನಿ ಶುಲ್ಕ ತೆತ್ತು ತನ್ನ ಮನೆಯಲ್ಲೇ ಬಿಯರ್ ಮಾರಬಹುದಿತ್ತು. ಕಮ್ಮಾರರು, ಬಡಗಿಗಳು, ಸಣ್ಣ ರೈತರು ತಮ್ಮ ಮನೆಯ ಮುಂದಿನ ಕೋಣೆಯನ್ನೇ ಪಬ್ಬಾಗಿಸಿದರು. ಸಾವಿರಾರು ಬಿಯರ್ ಮನೆಗಳು ತಲೆಯೆತ್ತಿದವು. ‘ಪಬ್’ ಎನ್ನುವುದು ‘ಪಬ್ಲಿಕ್ ಹೌಸ್’ ಎಂಬುದರ ಹ್ರಸ್ವ ರೂಪ. ಹೆಸರೇ ಹೇಳುವಂತೆ ಅದು ಸಾರ್ವಜನಿಕರ ಮನೆ. ನಮ್ಮ ಊರುಗಳಲ್ಲಿ ಅರಳಿಕಟ್ಟೆ, ಚಾವಡಿ, ಚಹಾದಂಗಡಿಗಳು ಮಾಡುವ ಕೆಲಸವನ್ನು ಅಲ್ಲಿ ಪಬ್ ಮಾಡುತ್ತಿತ್ತು. ಕೂಲಿಯ ಮಾತು, ದನದ ವ್ಯಾಪಾರ, ಕ್ರಿಕೆಟ್ ತಂಡದ ಆಯ್ಕೆ, ಸಾವಿನ ಸುದ್ದಿ ಎಲ್ಲವೂ ಅಲ್ಲಿಯೇ. ಬ್ರಿಟನ್ನಿನ ಆರ್ಡನೆನ್ಸ್ ಸರ್ವೆ ನಕ್ಷೆಗಳಲ್ಲಿ ಚರ್ಚಿನಂತೆ ಹಳ್ಳಿಯ ಪಬ್ಬಿಗೂ ಒಂದು ಗುರುತಿದೆ: ‘ಪಿಎಚ್’ ಎಂಬ ಎರಡು ಅಕ್ಷರ.

ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಬಿಯರ್ ತಯಾರಕರು ಒಂದೊಂದಾಗಿ ಪಬ್ಬುಗಳನ್ನು ಕೊಂಡುಕೊಳ್ಳತೊಡಗಿದರು. ಕಂಪನಿಯ ಪಬ್ಬಿನಲ್ಲಿ ಆ ಕಂಪನಿಯ ಬಿಯರ್ ಮಾತ್ರ ಮಾರಬೇಕು. ‘ಟೈಡ್ ಹೌಸ್’ ಎಂಬ ಈ ಪದ್ಧತಿಯಲ್ಲಿ ಪಬ್ ನಡೆಸುವವನು ಗೇಣಿದಾರನಂತೆ. ಏನು ಮಾರಬೇಕೆಂಬ ತೀರ್ಮಾನ ಹಳ್ಳಿಯಿಂದ ಕಂಪನಿಯ ಕಚೇರಿಗೆ ವರ್ಗವಾಯಿತು.

ಆರು ಕಂಪನಿಗಳ ಕಾಲ

ಲಂಡನ್ನಿನ ವಾಟ್ನಿ ಕಂಪನಿ 1930ರ ದಶಕದ ಆರಂಭದಲ್ಲಿ ಕೆಗ್ ಬಿಯರ್ ಪ್ರಯೋಗ ಮಾಡಿತು. ಪ್ರಯೋಗ ನಡೆದದ್ದು ಈಸ್ಟ್ ಶೀನ್ ಎಂಬಲ್ಲಿನ ಟೆನಿಸ್ ಕ್ಲಬ್ಬಿನಲ್ಲಿ. ಅಲ್ಲಿ ಗಿರಾಕಿಗಳು ಕೂಡುತ್ತಿದ್ದುದು ವಾರದ ಕೊನೆಯಲ್ಲಿ. ಉಳಿದ ದಿನಗಳಲ್ಲಿ ಪೀಪಾಯಿಯ ಬಿಯರ್ ಕೆಡುತ್ತಿತ್ತು. ಗಿರಾಕಿ ಬಂದರೂ ಬಾರದಿದ್ದರೂ ಕೆಡದ ಬಿಯರ್ ಬೇಕಾಗಿತ್ತು. ಕೆಗ್ ಹುಟ್ಟಿದ್ದೇ ಆ ಮೂರು ದಿನಗಳ ಗಡುವನ್ನು ಮೀರುವುದಕ್ಕೆ.

ಎರಡನೇ ಮಹಾಯುದ್ಧದ ನಂತರ ಕಂಪನಿಗಳ ವಿಲೀನದ ಪರ್ವ ಆರಂಭವಾಯಿತು. 1960ರ ದಶಕದ ಕೊನೆಗೆ ಅಲೈಡ್, ಬ್ಯಾಸ್ ಚಾರಿಂಗ್ಟನ್, ಕರೇಜ್, ಸ್ಕಾಟಿಷ್ ಅಂಡ್ ನ್ಯೂಕ್ಯಾಸಲ್, ವಾಟ್ನಿ ಮನ್, ವಿಟ್‌ಬ್ರೆಡ್ ಎಂಬ ಆರು ಕಂಪನಿಗಳು ಬ್ರಿಟನ್ನಿನ ಬಿಯರ್ ಮಾರುಕಟ್ಟೆಯ ಬಹುಪಾಲನ್ನು ಹಿಡಿದಿದ್ದವು. ದೇಶಕ್ಕೆಲ್ಲ ಒಂದೇ ರುಚಿ, ಟೆಲಿವಿಷನ್ ಜಾಹೀರಾತು, ದೊಡ್ಡ ಕಾರ್ಖಾನೆ, ಲಾರಿಯಲ್ಲಿ ಸಾಗಣೆ. ಇಂಥ ವ್ಯವಸ್ಥೆಗೆ ಕೆಗ್ ಹೇಳಿಮಾಡಿಸಿದಂತಿತ್ತು. ಕೊಂಡುಕೊಂಡ ಸಣ್ಣ ಬ್ರೂವರಿಗಳನ್ನು ಮುಚ್ಚಲಾಯಿತು. ಕೈಪಂಪುಗಳನ್ನು ಕಿತ್ತು ಹೊಳೆಯುವ ಪ್ಲಾಸ್ಟಿಕ್ ನಲ್ಲಿಗಳನ್ನು ಕೂರಿಸಲಾಯಿತು.

ಕೆಗ್ ಪರವಾದ ವಾದದಲ್ಲಿ ಹುರುಳಿರಲಿಲ್ಲವೆಂದಲ್ಲ. ಸರಿಯಾಗಿ ನೋಡಿಕೊಳ್ಳದ ಪೀಪಾಯಿಯಿಂದ ಹುಳಿ ಬಿಯರ್ ಕುಡಿದು ಬೇಸತ್ತ ಅನೇಕರಿಗೆ ಎಲ್ಲಿ ಹೋದರೂ ಒಂದೇ ರುಚಿ ಕೊಡುವ ಬಿಯರ್ ಸಮಾಧಾನ ತಂದಿತ್ತು. ತೊಂದರೆ ಏನೆಂದರೆ, ಬೇರೆಯದು ಬೇಕೆಂದವರಿಗೆ ಆಯ್ಕೆಯೇ ಉಳಿಯಲಿಲ್ಲ. ತಮ್ಮ ಬಿಯರನ್ನು ತಾವೇ ತಯಾರಿಸಿ ಮಾರುವ ಪಬ್ಬುಗಳು ಒಂದು ಕಾಲದಲ್ಲಿ ಸಾವಿರಾರು ಇದ್ದವು. 1970ರ ದಶಕದ ಆರಂಭದಲ್ಲಿ ಹಾಗೆ ಉಳಿದುಕೊಂಡ ಹಳೆಯ ಪಬ್ಬುಗಳು ನಾಲ್ಕೇ ನಾಲ್ಕು: ಷ್ರಾಪ್‌ಷೈರ್ ಜಿಲ್ಲೆಯ ಬಿಷಪ್ಸ್ ಕ್ಯಾಸಲ್‌ನ ‘ತ್ರೀ ಟನ್ಸ್’, ಅದೇ ಜಿಲ್ಲೆಯ ಮೇಡ್ಲಿಯ ‘ಆಲ್ ನೇಷನ್ಸ್’, ಕಾರ್ನ್‌ವಾಲ್‌ನ ಹೆಲ್‌ಸ್ಟನ್‌ನಲ್ಲಿರುವ ‘ಬ್ಲೂ ಆಂಕರ್’ ಮತ್ತು ಬರ್ಮಿಂಗ್‌ಹ್ಯಾಮ್ ಸಮೀಪದ ನೆದರ್ಟನ್ನಿನ ‘ಓಲ್ಡ್ ಸ್ವಾನ್’.

ನಾಲ್ವರು ಗೆಳೆಯರು

ಮೊದಲ ಪ್ರತಿಭಟನೆಯ ದನಿ ಎದ್ದದ್ದು 1963ರಲ್ಲಿ. ಲಂಡನ್ ಬಳಿಯ ಎಪ್ಸಮ್ ಪಟ್ಟಣದ ಪಬ್ಬೊಂದರಲ್ಲಿ ಸೇರಿದ ಕೆಲವರು ಮರದ ಪೀಪಾಯಿಯ ಬಿಯರ್ ಸಂರಕ್ಷಣೆಗೆ ಒಂದು ಸಂಘ ಕಟ್ಟಿಕೊಂಡರು. ಅದು ಸಣ್ಣದಾಗಿಯೇ ಉಳಿಯಿತು. ದೊಡ್ಡ ಚಳವಳಿಯಾಗಿ ಬೆಳೆದದ್ದು 1971ರಲ್ಲಿ ಹುಟ್ಟಿದ ಇನ್ನೊಂದು ಸಂಘಟನೆ.

ಆ ವರ್ಷದ ಮಾರ್ಚಿಯಲ್ಲಿ ಇಂಗ್ಲೆಂಡಿನ ವಾಯವ್ಯ ಭಾಗದ ನಾಲ್ವರು ಯುವಕರು ಐರ್ಲೆಂಡಿಗೆ ರಜೆ ಕಳೆಯಲು ಹೋಗಿದ್ದರು: ಮೈಕೆಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಬಿಲ್ ಮೆಲರ್ ಮತ್ತು ಜಿಮ್ ಮೇಕಿನ್. ಐರ್ಲೆಂಡಿನ ಪಶ್ಚಿಮ ತುದಿಯ ಡನ್‌ಕ್ವಿನ್ ಹಳ್ಳಿಯ ಕ್ರೂಗರ್ಸ್ ಬಾರ್‌ನಲ್ಲಿ ಕುಳಿತು, ತಮ್ಮ ದೇಶದ ಬಿಯರಿಗೆ ಬಂದ ಗತಿಯ ಬಗ್ಗೆ ಮಾತನಾಡುತ್ತ ಒಂದು ಚಳವಳಿಯನ್ನೇ ಘೋಷಿಸಿಕೊಂಡರು. ಗೆಳೆಯರಲ್ಲಿ ಪತ್ರಕರ್ತರಿದ್ದುದು ಮುಂದೆ ಪ್ರಚಾರಕ್ಕೆ ನೆರವಾಯಿತು. ಮರುವರ್ಷ ನನೀಟನ್ ಪಟ್ಟಣದ ರೋಸ್ ಇನ್ ಎಂಬ ಪಬ್ಬಿನಲ್ಲಿ ಮೊದಲ ವಾರ್ಷಿಕ ಸಭೆ ನಡೆಯಿತು. ‘ಏಲ್ ಪುನಶ್ಚೇತನ ಚಳವಳಿ’ ಎಂಬ ಅರ್ಥದ ಮೊದಲ ಹೆಸರು 1973ರಲ್ಲಿ ‘ಕ್ಯಾಂಪೇನ್ ಫಾರ್ ರಿಯಲ್ ಏಲ್’ ಎಂದು ಸರಳವಾಯಿತು. ‘ಕಾಮ್ರಾ’ ಎಂಬ ಸಂಕ್ಷಿಪ್ತ ಹೆಸರು ಬದಲಾಗಲಿಲ್ಲ. ‘ರಿಯಲ್ ಏಲ್’ ಎಂಬ ಮಾತಿಗೆ ಚಲಾವಣೆ ಬಂದದ್ದೂ ಈ ಚಳವಳಿಯಿಂದಲೇ. ಹೆಸರು ಹಳೆಯದರಂತೆ ಕೇಳಿದರೂ ಪದಾರ್ಥ ಮಾತ್ರ ಹಳೆಯದು, ಮಾತು ಹೊಸದು.

1973ರಲ್ಲಿ ಸ್ಟಾಫರ್ಡ್‌ಷೈರ್‌ನ ಸ್ಟೋನ್ ಪಟ್ಟಣದಲ್ಲಿ ಬ್ಯಾಸ್ ಚಾರಿಂಗ್ಟನ್ ಕಂಪನಿ ಜೂಲ್ಸ್ ಎಂಬ ಹಳೆಯ ಬ್ರೂವರಿಯನ್ನು ಮುಚ್ಚಲು ಹೊರಟಾಗ ನೂರಾರು ಜನ ಮೆರವಣಿಗೆ ತೆಗೆದರು. ಬ್ರೂವರಿ ಉಳಿಯಲಿಲ್ಲ, 1974ರಲ್ಲಿ ಮುಚ್ಚಿತು. ಆದರೆ ಬಿಯರಿಗಾಗಿ ಜನ ಬೀದಿಗಿಳಿದ ಸುದ್ದಿ ಪತ್ರಿಕೆಗಳಿಗೆ ಬಂತು. ಮೆರವಣಿಗೆಗಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಪುಸ್ತಕ. ‘ಗುಡ್ ಬಿಯರ್ ಗೈಡ್’ 1972ರಲ್ಲಿ ಸದಸ್ಯರಿಗೆಂದು ಪಿನ್ನು ಹೊಡೆದ ಕೆಲವು ಹಾಳೆಗಳಷ್ಟೇ ಆಗಿತ್ತು. 1974ರಲ್ಲಿ ಅಚ್ಚಾದ ಪುಸ್ತಕವಾಗಿ ಮಾರುಕಟ್ಟೆಗೆ ಬಂತು. ವಾಟ್ನಿ ಬಿಯರನ್ನು ಸಾಂಕ್ರಾಮಿಕ ರೋಗದಂತೆ ದೂರವಿಡಿ ಎಂಬ ಧಾಟಿಯ ಮಾತು ಅದರಲ್ಲಿತ್ತು. ಮಾನನಷ್ಟದ ಭಯದಿಂದ ಅದನ್ನು ತಿದ್ದಿ ಮೆದುಗೊಳಿಸಬೇಕಾಯಿತು. ವಿವಾದದಿಂದ ಪುಸ್ತಕಕ್ಕೆ ಪ್ರಚಾರವೇ ಸಿಕ್ಕಿತು.

ಮಿನಿಬಸ್ಸಿನ ಲೆಕ್ಕ

ಈ ಪುಸ್ತಕಕ್ಕೆ ಪಬ್ಬುಗಳನ್ನು ಆರಿಸುವವರು ಸಂಬಳದ ಪರೀಕ್ಷಕರಲ್ಲ. ಸದಸ್ಯರೇ ತಮ್ಮ ತಮ್ಮ ಸೀಮೆಯ ಪಬ್ಬುಗಳಿಗೆ ಹೋಗಿ, ಬಿಯರ್ ಹೇಗಿದೆಯೆಂದು ನೋಡಿ, ಶಾಖೆಯ ಸಭೆಯಲ್ಲಿ ಚರ್ಚಿಸಿ ಪಟ್ಟಿ ಮಾಡುತ್ತಾರೆ. ಈಚಿನ ವರ್ಷಗಳಲ್ಲಿ ಪುಸ್ತಕದಲ್ಲಿ ಸುಮಾರು 4,500 ಪಬ್ಬುಗಳಿರುತ್ತವೆ. ಸೇರ್ಪಡೆಗೆ ಶುಲ್ಕವಿಲ್ಲ. ಪಟ್ಟಣದ ಪಬ್ಬುಗಳನ್ನು ನೋಡುವುದು ಸುಲಭ. ಆದರೆ ಹತ್ತು ಮೈಲಿ ದೂರದ ಹಳ್ಳಿಗೆ ಹೋಗುವುದು ಹೇಗೆ?

ಈ ಪ್ರಶ್ನೆಗೆ ಅಂದಿನ ಬ್ರಿಟನ್ನಿನಲ್ಲಿ ಎರಡು ಅಡ್ಡಿಗಳಿದ್ದವು. ಒಂದು, 1963ರ ಬೀಚಿಂಗ್ ವರದಿ. ನಷ್ಟದ ಹೆಸರಿನಲ್ಲಿ ಆ ವರದಿ ಸೂಚಿಸಿದಂತೆ ಸಾವಿರಾರು ಮೈಲಿ ರೈಲು ಮಾರ್ಗ, ಎರಡು ಸಾವಿರದಷ್ಟು ನಿಲ್ದಾಣಗಳು ಮುಚ್ಚಿಹೋದವು. ಪೆಟ್ಟು ಬಿದ್ದದ್ದು ಹೆಚ್ಚಾಗಿ ಹಳ್ಳಿಗಾಡಿಗೆ. ಇನ್ನೊಂದು, 1967ರ ರಸ್ತೆ ಸುರಕ್ಷತಾ ಕಾಯ್ದೆ. ಬಾರ್ಬರಾ ಕ್ಯಾಸಲ್ ಸಾರಿಗೆ ಸಚಿವೆಯಾಗಿದ್ದಾಗ ಬಂದ ಈ ಕಾಯ್ದೆ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಮದ್ಯಸಾರದ ಮಿತಿ ಹಾಕಿತು. ಪೊಲೀಸರ ಕೈಗೆ ಉಸಿರು ಪರೀಕ್ಷೆಯ ಸಾಧನ ಬಂತು. ಕಾರಿನಲ್ಲಿ ಹೋಗಿ ಕುಡಿದು ಬರುವ ಅಭ್ಯಾಸಕ್ಕೆ ಕಡಿವಾಣ ಬಿತ್ತು. ಅದು ಪ್ರಾಣ ಉಳಿಸಿದ ಕಾನೂನು, ಅದರ ಬಗ್ಗೆ ತಕರಾರು ಸಲ್ಲದು. ಆದರೆ ರೈಲಿಲ್ಲದ, ಬಸ್ಸು ವಿರಳವಾದ ಹಳ್ಳಿಯ ಪಬ್ಬಿಗೆ ಹೊರಗಿನ ಗಿರಾಕಿ ತಪ್ಪಿದ. ಎಲ್ಲರೂ ಸೇರಿ ಚಾಲಕನ ಸಮೇತ ಒಂದು ವಾಹನ ಹಿಡಿಯುವುದು ಇದಕ್ಕೆ ತೋರಿದ ಪರಿಹಾರ.

ಇನ್ನೊಂದು ತೊಡಕು ಗಡಿಯಾರದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ, ಮದ್ದುಗುಂಡು ಕಾರ್ಖಾನೆಯ ಕಾರ್ಮಿಕರು ಕುಡಿದು ಕೆಲಸ ಕೆಡಿಸಬಾರದೆಂದು ಪಬ್ಬುಗಳು ಮಧ್ಯಾಹ್ನದ ನಂತರ ಕೆಲವು ಗಂಟೆ ಮುಚ್ಚಿರಬೇಕೆಂಬ ನಿಯಮ ತಂದಿದ್ದರು. 1915ರಲ್ಲಿ ಕೆಲವು ಪ್ರದೇಶಗಳಲ್ಲಿ ಒಬ್ಬರಿಗೊಬ್ಬರು ಬಿಯರ್ ಕೊಡಿಸುವುದನ್ನೇ ನಿಷೇಧಿಸಲಾಗಿತ್ತು. ಕೊಡಿಸುವ ನಿಷೇಧ ಯುದ್ಧದ ನಂತರ ಹೋಯಿತು. ಮಧ್ಯಾಹ್ನದ ಬಿಡುವು ಮಾತ್ರ ಇಂಗ್ಲೆಂಡಿನಲ್ಲಿ 1988ರವರೆಗೆ ಉಳಿಯಿತು! ಆದ್ದರಿಂದ 1970ರ ದಶಕದ ಪ್ರವಾಸ ಹೊರಟವರು ಊಟದ ಹೊತ್ತಿಗೆ ಎರಡು ಪಬ್ ಮುಗಿಸಿ, ಬಾಗಿಲು ಹಾಕಿದ ಆ ಎರಡು ಮೂರು ಗಂಟೆ ಹೊಲದ ಕಾಲುದಾರಿಯಲ್ಲಿ ನಡೆದೋ, ಬ್ರೂವರಿ ನೋಡಿಯೋ ಕಾಲ ಕಳೆದು, ಸಂಜೆ ಮತ್ತೆ ಬಾಗಿಲು ತೆರೆಯುವುದನ್ನು ಕಾಯಬೇಕಾಗಿತ್ತು.

ಪ್ರವಾಸದ ರೀತಿನೀತಿಗಳೂ ಗಮನಿಸುವಂಥವು. ಸಂಚಾಲಕ ಮೊದಲೇ ಪಬ್ಬುಗಳಿಗೆ ದೂರವಾಣಿ ಮಾಡಿ ಎಷ್ಟು ಜನ, ಯಾವ ಹೊತ್ತಿಗೆ ಎಂದು ತಿಳಿಸುತ್ತಾನೆ. ಹದಿನಾರು ಜನ ಒಮ್ಮೆಗೇ ಹೊಸ್ತಿಲು ದಾಟಿದರೆ ಒಂಟಿ ಕೈಯಲ್ಲಿ ನಡೆಸುವ ಪಬ್ಬಿನವಳು ಏನು ಮಾಡಿಯಾಳು? ಪೈಂಟಿಗಿಂತ ಅರ್ಧ ಪೈಂಟ್ ಹಿಡಿಯುವವರೇ ಹೆಚ್ಚು, ಏಕೆಂದರೆ ಹಲವು ರುಚಿ ನೋಡಬೇಕು. ಈ ಬಿಯರಿನ ಮದ್ಯಸಾರವೂ ಸಾಮಾನ್ಯವಾಗಿ ಶೇಕಡ 3.5ರಿಂದ 4.5. ಊಟಕ್ಕೆ ಬ್ರೆಡ್ಡು, ಚೀಸು, ಉಪ್ಪಿನಕಾಯಿ ಇರುವ ‘ಉಳುವವನ ಊಟ’. ಅನಾದಿ ಕಾಲದ್ದೆಂದು ಜನ ನಂಬಿರುವ ಈ ಹೆಸರು ಮನೆಮಾತಾದದ್ದು 1950-60ರ ದಶಕಗಳಲ್ಲಿ, ಚೀಸ್ ಮಾರಾಟ ಹೆಚ್ಚಿಸಲು ನಡೆದ ಪ್ರಚಾರದಿಂದ.

ಈಗ ಮೊದಲಿನ ಲೆಕ್ಕಕ್ಕೆ ಮರಳೋಣ. ಹದಿನಾರು ಜನ ತಲಾ ಎರಡು ಅರ್ಧ ಪೈಂಟ್ ಕುಡಿದರೆ ಒಟ್ಟು 16 ಪೈಂಟ್. ಅಂದರೆ 72 ಪೈಂಟಿನ ಪೀಪಾಯಿಯ ಐದನೇ ಒಂದು ಪಾಲಿಗೂ ಹೆಚ್ಚು ಒಂದೇ ಗಂಟೆಯಲ್ಲಿ ಖಾಲಿ. ಪೀಪಾಯಿ ಬೇಗ ಮುಗಿದರೆ ನಾಳಿನ ಗಿರಾಕಿಗೆ ತಾಜಾ ಬಿಯರ್ ಸಿಗುತ್ತದೆ. ತಾಜಾ ಸಿಕ್ಕರೆ ಅವನು ಮತ್ತೆ ಬರುತ್ತಾನೆ. ಪ್ರವಾಸಿಗಳು ಬರೀ ರುಚಿ ನೋಡುವವರಲ್ಲ, ರುಚಿ ಕೆಡದಂತೆ ಕಾಯುವವರೂ ಹೌದು.

ದಾರಿಯ ನಿಲ್ದಾಣಗಳು

ಇಂಥ ಪ್ರವಾಸಿಗಳು ಹುಡುಕಿ ಹೋಗುವ ಜಾಗಗಳಲ್ಲಿ ಬರ್ಕ್‌ಷೈರ್‌ನ ಆಲ್ಡ್‌ವರ್ತ್ ಹಳ್ಳಿಯ ‘ಬೆಲ್ ಇನ್’ ಒಂದು. ರಿಜ್‌ವೇ ಎಂಬ ಪುರಾತನ ಕಾಲುದಾರಿಗೆ ಇದು ಹತ್ತಿರ. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಒಂದೇ ಮನೆತನದ ಕೈಯಲ್ಲಿದೆ. ಇಲ್ಲಿ ಮಾಮೂಲಿ ಬಾರ್ ಕಟ್ಟೆಯಿಲ್ಲ, ಗಾಜಿನ ಕಿಂಡಿಯೊಂದರ ಮೂಲಕ ಬಿಯರ್ ಕೊಡುತ್ತಾರೆ. ಕಾಮ್ರಾದ ವರ್ಷದ ರಾಷ್ಟ್ರೀಯ ಪಬ್ ಪ್ರಶಸ್ತಿ ಇದಕ್ಕೆ 1990ರಲ್ಲಿ ಒಮ್ಮೆ, 2019ರ ಸಾಲಿನಲ್ಲಿ ಇನ್ನೊಮ್ಮೆ ಸಂದಿತು.

ಆಕ್ಸ್‌ಫರ್ಡ್‌ಷೈರ್‌ನ ಹುಕ್ ನಾರ್ಟನ್ ಬ್ರೂವರಿ 1849ರಲ್ಲಿ ಆರಂಭವಾದದ್ದು. ಅದರ ಕಟ್ಟಡ ಒಂದು ಗೋಪುರ. ಧಾನ್ಯವನ್ನು ಮೇಲಿನ ಅಂತಸ್ತಿಗೆ ಏರಿಸಿದರೆ ಒಂದೊಂದು ಹಂತ ಮುಗಿದಂತೆ ರಸ ತನ್ನ ಭಾರದಿಂದಲೇ ಕೆಳಗಿಳಿದು ಕೊನೆಗೆ ಪೀಪಾಯಿ ಸೇರುವಂತೆ ಅದನ್ನು ಕಟ್ಟಲಾಗಿದೆ. 1899ರ ಉಗಿಯಂತ್ರವನ್ನು ಇಲ್ಲಿ ಜೋಪಾನ ಮಾಡಿದ್ದಾರೆ. ಸುತ್ತಲ ಊರಿಗೆ ಪೀಪಾಯಿ ಒಯ್ಯಲು ದೈತ್ಯ ಷೈರ್ ಕುದುರೆಗಳ ಬಂಡಿಯನ್ನೂ ಇಟ್ಟುಕೊಂಡಿದ್ದಾರೆ.

ಡೆವನ್ ಜಿಲ್ಲೆಯ ಡ್ರೂಸ್ಟೈನ್ಟನ್ ಹಳ್ಳಿಯ ‘ಡ್ರೂ ಆರ್ಮ್ಸ್’ ಹೆಸರಾದದ್ದು ಅದರ ಒಡತಿಯಿಂದ. ಮೇಬಲ್ ಮಡ್ಜ್ ಎಂಬ ಮಹಿಳೆ 1919ರಿಂದ 1994ರವರೆಗೆ, ಅಂದರೆ 75 ವರ್ಷ, ಆ ಪಬ್ ನಡೆಸಿದರು. ನಿವೃತ್ತರಾದಾಗ ಅವರ ವಯಸ್ಸು 99!

ಬರ್ಟನ್‌ನಿಂದ ಬೆಂಗಳೂರಿಗೆ

ಈ ಕಥೆಯ ಒಂದೆರಡು ಎಳೆಗಳು ನಮ್ಮ ನಾಡಿಗೂ ತಗಲಿವೆ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಭಾರತದ ಬ್ರಿಟಿಷರಿಗಾಗಿ ಬಿಯರ್ ಬರುತ್ತಿತ್ತು. ಲಂಡನ್ನಿನ ಬೋ ಎಂಬಲ್ಲಿನ ಹಾಡ್ಜ್‌ಸನ್ ಬ್ರೂವರಿ ಈ ವ್ಯಾಪಾರದಲ್ಲಿ ಮುಂದಿತ್ತು. 1820ರ ದಶಕದಿಂದ ಬರ್ಟನ್ ಪಟ್ಟಣದ ಆಲ್ಸಪ್, ಬ್ಯಾಸ್ ಕಂಪನಿಗಳು ಅದನ್ನು ಹಿಂದಿಕ್ಕಿದವು. ತಿಂಗಳುಗಟ್ಟಲೆಯ ಸಮುದ್ರಯಾನ ತಾಳಿಕೊಳ್ಳಲು ಹೆಚ್ಚು ಹಾಪ್ಸ್ ಹಾಕಿದ ಈ ತಿಳಿಬಣ್ಣದ ಬಿಯರಿಗೆ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ನಿಂತಿತು. ಬ್ಯಾಸ್ ಕಂಪನಿಯ ಕೆಂಪು ತ್ರಿಕೋನ 1876ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿಯಾದ ಮೊದಲ ವ್ಯಾಪಾರ ಮುದ್ರೆ.

1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದರು. ದಂಡು ಪ್ರದೇಶದ ಸೈನಿಕರಿಗೆ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಿಯರ್ ಹೋಗುತ್ತಿದ್ದ ಕಾಲವದು. ಸ್ವಾತಂತ್ರ್ಯದ ಹೊತ್ತಿಗೆ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾಗಿ, ಮರುವರ್ಷ ಅಧ್ಯಕ್ಷರಾದರು. ಮುಂದೆ ಇದೇ ಬೆಂಗಳೂರಿನ ಕಂಪನಿಯಲ್ಲಿ ಪಾಲು ಕೊಂಡದ್ದು, ಬ್ರಿಟನ್ನಿನ ಆ ಆರು ದೈತ್ಯರಲ್ಲಿ ಒಂದಾಗಿದ್ದ ಸ್ಕಾಟಿಷ್ ಅಂಡ್ ನ್ಯೂಕ್ಯಾಸಲ್! 2008ರಲ್ಲಿ ಆ ಕಂಪನಿಯನ್ನೇ ಹೈನೆಕೆನ್ ಮತ್ತು ಕಾರ್ಲ್ಸ್‌ಬರ್ಗ್ ಹಂಚಿಕೊಂಡವು. ಬೆಂಗಳೂರಿನ ಪಾಲು ಹೈನೆಕೆನ್‌ಗೆ ಹೋಗಿ, 2021ರಲ್ಲಿ ಯುನೈಟೆಡ್ ಬ್ರೂವರೀಸ್‌ನ ಹತೋಟಿಯೂ ಅದರದಾಯಿತು. ಇಂಗ್ಲೆಂಡಿನ ಸಣ್ಣ ಪಟ್ಟಣಗಳ ಬ್ರೂವರಿಗಳನ್ನು ನುಂಗಿದ ಕಂಪನಿಯೂ ಕೊನೆಗೆ ತನಗಿಂತ ದೊಡ್ಡವರ ಬಾಯಿಗೆ ಬಿತ್ತು.

ಗೆಲುವು ಮತ್ತು ಸೋಲು

ಚಳವಳಿ ಗೆದ್ದಿತೇ? ಬಿಯರಿನ ಮಟ್ಟಿಗೆ ಬಹುಮಟ್ಟಿಗೆ ಹೌದು. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಇನ್ನೂರಕ್ಕೂ ಕಡಿಮೆ ಬ್ರೂವರಿಗಳಿದ್ದವು. ಸಣ್ಣ ತಯಾರಕರಿಗೆ 2002ರಲ್ಲಿ ತೆರಿಗೆ ರಿಯಾಯಿತಿ ಸಿಕ್ಕ ಮೇಲೆ ಅವುಗಳ ಸಂಖ್ಯೆ ವೇಗವಾಗಿ ಬೆಳೆದು ಸಾವಿರ ದಾಟಿತು. ಕಾಮ್ರಾದ ಸದಸ್ಯತ್ವ ಒಂದು ಘಟ್ಟದಲ್ಲಿ 1,90,000 ಮುಟ್ಟಿತ್ತು, ಈಚೆಗೆ ಇಳಿಮುಖವಾಗಿದೆ. ಗಡ್ಡ ಬಿಟ್ಟು ಚಪ್ಪಲಿ ಮೆಟ್ಟಿದ ಗಂಡಸರ ಕೂಟವೆಂಬ ಗೇಲಿಯನ್ನೂ ಅದು ಕೇಳಿಸಿಕೊಂಡಿದೆ. ಹೆಂಗಸರನ್ನು, ಯುವಜನರನ್ನು ಸೆಳೆಯುವಲ್ಲಿ ಬಹುಕಾಲ ಹಿಂದೆ ಬಿದ್ದಿತ್ತೆಂಬ ಟೀಕೆಯಲ್ಲಿ ಸತ್ಯವಿಲ್ಲದಿಲ್ಲ.

ಪಬ್ಬಿನ ಮಟ್ಟಿಗೆ ಉತ್ತರ ಅಷ್ಟು ಸುಲಭವಲ್ಲ. 1989ರಲ್ಲಿ ಸರ್ಕಾರ ದೊಡ್ಡ ಕಂಪನಿಗಳ ಹಿಡಿತ ಸಡಿಲಿಸಲು ಆದೇಶ ಹೊರಡಿಸಿತು. 2,000ಕ್ಕಿಂತ ಹೆಚ್ಚು ಪಬ್ಬುಗಳಿದ್ದ ತಯಾರಕರು ಹೆಚ್ಚುವರಿಯಲ್ಲಿ ಅರ್ಧದಷ್ಟನ್ನು ಬಂಧನದಿಂದ ಬಿಡಬೇಕು, ಹೊರಗಿನ ಒಂದು ಪೀಪಾಯಿ ಏಲ್‌ಗೆ ಅವಕಾಶ ಕೊಡಬೇಕು ಎಂಬುದು ಅದರ ಸಾರ. ಕಂಪನಿಗಳು ಪಬ್ಬುಗಳನ್ನು ಮಾರಿದವು ನಿಜ. ಆದರೆ ಕೊಂಡವರು ಬಿಯರನ್ನೇ ತಯಾರಿಸದ, ಬಾಡಿಗೆಯನ್ನು ನಂಬಿದ ಆಸ್ತಿ ಕಂಪನಿಗಳು. ಒಡೆಯ ಬದಲಾದ, ಗೇಣಿ ತಪ್ಪಲಿಲ್ಲ. ಸೂಪರ್ ಮಾರುಕಟ್ಟೆಯ ಅಗ್ಗದ ಬಿಯರ್, ಏರಿದ ತೆರಿಗೆ, ಹಳ್ಳಿ ಮನೆಗಳ ಗಗನಕ್ಕೇರಿದ ಬೆಲೆ ಎಲ್ಲ ಸೇರಿ, 2000ದಲ್ಲಿ 60 ಸಾವಿರದಷ್ಟಿದ್ದ ಬ್ರಿಟನ್ನಿನ ಪಬ್ಬುಗಳು ಎರಡು ದಶಕಗಳಲ್ಲಿ 47 ಸಾವಿರದ ಆಸುಪಾಸಿಗೆ ಇಳಿದವು. ಪಬ್ ಮುಚ್ಚಿದರೆ ಆ ಕಟ್ಟಡ ಪಟ್ಟಣದವರ ವಾರಾಂತ್ಯದ ಮನೆಯಾಗುತ್ತದೆ. ಅಂಗಡಿ, ಅಂಚೆ ಕಚೇರಿ ಮೊದಲೇ ಹೋದ ಹಳ್ಳಿಯಲ್ಲಿ ಒಂಟಿ ಮುದುಕನಿಗೆ ನಾಲ್ಕು ಮಾತಾಡಲು ಜಾಗವೇ ಇಲ್ಲವಾಗುತ್ತದೆ.

2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ಎಲ್ಲ ಪಬ್ಬುಗಳು ಬಾಗಿಲು ಹಾಕಿದಾಗ ನೆಲಮಾಳಿಗೆಗಳಲ್ಲಿದ್ದ ಲಕ್ಷಾಂತರ ಪೈಂಟ್ ಏಲ್ ಚರಂಡಿ ಪಾಲಾಯಿತು. ಡಬ್ಬಿಯ ಬಿಯರ್ ಮನೆಮನೆಗೆ ಹೋಯಿತು. ಪೀಪಾಯಿಯದು ಹೋಗಲಾರದೆ ಸತ್ತಿತು.

ಕೆಲವೆಡೆ ಹಳ್ಳಿಯವರೇ ದಾರಿ ಕಂಡುಕೊಂಡಿದ್ದಾರೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಬೆಟ್ಟದಡಿಯ ಹಳ್ಳಿಯಲ್ಲಿ ಜನ 1999ರಲ್ಲಿ ಸಹಕಾರ ಪದ್ಧತಿಯಲ್ಲಿ ಪಬ್ಬಿನ ಹಿತ್ತಿಲಿನ ಬ್ರೂವರಿಯನ್ನು ಕೊಂಡರು. 2003ರಲ್ಲಿ ನೂರಕ್ಕೂ ಹೆಚ್ಚು ಜನ ಹಣ ಹಾಕಿ ‘ಓಲ್ಡ್ ಕ್ರೌನ್’ ಎಂಬ ಆ ಪಬ್ಬನ್ನೇ ಕೊಂಡುಕೊಂಡರು. ಸಮುದಾಯಕ್ಕೆ ಮುಖ್ಯವಾದ ಕಟ್ಟಡ ಮಾರಾಟಕ್ಕೆ ಬಂದರೆ ಹಣ ಹೊಂದಿಸಲು ಊರವರಿಗೆ ಕಾಲಾವಕಾಶ ಕೊಡುವ ವ್ಯವಸ್ಥೆಯನ್ನು 2011ರ ಕಾಯ್ದೆಯೊಂದು ಇಂಗ್ಲೆಂಡಿನಲ್ಲಿ ಕಲ್ಪಿಸಿತು. ಆ ಬಳಿಕ ಇಂಥ ಪಬ್ಬುಗಳು ಹೆಚ್ಚಿವೆ. 2024ರಲ್ಲಿ ಬರ್ಟನ್ನಿನ ಹಳೆಯ ಮರದ ಹುದುಗು ಪೀಪಾಯಿಗಳ ಸಾಲುಗಳನ್ನು ಕಾರ್ಲ್ಸ್‌ಬರ್ಗ್ ಮಾರ್ಸ್ಟನ್ಸ್ ಕಂಪನಿ ಕೈಬಿಟ್ಟಾಗ, ಅವುಗಳಲ್ಲಿ ಒಂದನ್ನು ಡರ್ಬಿಷೈರ್‌ನ ಥಾರ್ನ್‌ಬ್ರಿಜ್ ಎಂಬ ಬ್ರೂವರಿ ತಂದು ಮತ್ತೆ ಕೆಲಸಕ್ಕೆ ಹಚ್ಚಿತು.

ಆದರೂ ಊರವರು ಕೊಂಡ ಪಬ್ಬಿಗೂ, ಪ್ರಶಸ್ತಿ ಪಡೆದ ಪಬ್ಬಿಗೂ ಆ ಹಳೆಯ ಲೆಕ್ಕ ತಪ್ಪಿದ್ದಲ್ಲ. ಕಾನೂನು ಕಟ್ಟಡವನ್ನು ಉಳಿಸೀತು, ಸಂಘ ಹೆಸರನ್ನು ಉಳಿಸೀತು. ತೆರೆದ ಪೀಪಾಯಿಯನ್ನು ಮೂರು ದಿನದಲ್ಲಿ ಖಾಲಿ ಮಾಡಲು ಮಾತ್ರ ಜನರೇ ಬರಬೇಕು. ಮುಂದಿನ ಶನಿವಾರ ಮಿನಿಬಸ್ಸು ಹೊರಟರೆ 16 ಪೈಂಟ್. ಉಳಿದ ಐವತ್ತಾರು ಆ ಊರಿನವರ ಜವಾಬ್ದಾರಿ.